ನಾದವನ್ನು ಪಾಲು ಮಾಡಿದ ಬಟ್ಟೆ ವ್ಯಾಪಾರಿ

ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದಲ್ಲಿ ವಾರ್ಫ್ ಎಂಬ ಹೊಳೆಯೊಂದು ಹರಿಯುತ್ತದೆ. ಅದರ ಕಣಿವೆಗೆ ವಾರ್ಫ್‌ಡೇಲ್ ಎಂದು ಹೆಸರು. ಆ ಕಣಿವೆಯ ಇಲ್ಕ್ಲಿ ಎಂಬ ಊರಿನಲ್ಲಿ, 1932ರಲ್ಲಿ, ನಲವತ್ತು ದಾಟಿದ ಬಟ್ಟೆ ವ್ಯಾಪಾರಿಯೊಬ್ಬನು ತನ್ನ ಮನೆಯ ನೆಲಮಾಳಿಗೆಯಲ್ಲಿ ಕುಳಿತು ಒಂದು ಧ್ವನಿವರ್ಧಕವನ್ನು ಕಟ್ಟಿದನು. ಯಂತ್ರಶಾಸ್ತ್ರವನ್ನು ಯಾವ ಕಾಲೇಜಿನಲ್ಲಿಯೂ ಓದಿದವನಲ್ಲ. ವಿದ್ಯುತ್ತಿನ ವಿಷಯದಲ್ಲಿ ಆತನಿಗಿದ್ದ ತಿಳಿವಳಿಕೆ, ಬಿಡುವಿನ ವೇಳೆಯಲ್ಲಿ ಕೈಯಾರೆ ಮಾಡಿ ಕೆಡಿಸಿ ಮತ್ತೆ ಮಾಡಿ ಸಂಪಾದಿಸಿಕೊಂಡದ್ದು. ಆದರೆ ಮುಂದಿನ ಮೂವತ್ತು ವರ್ಷಗಳಲ್ಲಿ, ಮನೆಯಲ್ಲಿಯೇ ಪೆಟ್ಟಿಗೆ ಕೊಯ್ದು ಲೌಡ್‌ಸ್ಪೀಕರ್ ಕಟ್ಟಿಕೊಳ್ಳುವ ಹುಚ್ಚು ಹತ್ತಿದ ಲೋಕದ ಅಸಂಖ್ಯ ಹವ್ಯಾಸಿಗಳಿಗೆ ಈತನೇ ಉಪಾಧ್ಯಾಯನಾದನು. ಈತನ ಹೆಸರು ಗಿಲ್ಬರ್ಟ್ ಆರ್ಥರ್ ಬ್ರಿಗ್ಸ್.

ಬ್ರಿಗ್ಸ್ ಹುಟ್ಟಿದ್ದು 1890ರ ಡಿಸೆಂಬರ್ ತಿಂಗಳಲ್ಲಿ, ಬ್ರಾಡ್‌ಫರ್ಡ್ ನಗರಕ್ಕೆ ಹತ್ತಿರದ ಕ್ಲೇಟನ್ ಎಂಬ ಹಳ್ಳಿಯಲ್ಲಿ. ಬ್ರಾಡ್‌ಫರ್ಡ್ ಆಗ ಉಣ್ಣೆಯ ರಾಜಧಾನಿ. ಊರಿನ ತುಂಬ ಗಿರಣಿಗಳ ಚಿಮಣಿ. ಯಾರ ಮನೆಯ ಅನ್ನವಾದರೂ ಒಂದಲ್ಲ ಒಂದು ಬಗೆಯಲ್ಲಿ ಮಗ್ಗದಿಂದಲೇ ಬರಬೇಕು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಈ ಹುಡುಗನನ್ನು ಹ್ಯಾಲಿಫ್ಯಾಕ್ಸಿನ ಅನಾಥ ಮಕ್ಕಳ ಶಾಲೆಗೆ ಸೇರಿಸಿದರು. ಶಾಲೆ ಮುಗಿದ ಮೇಲೆ ಆ ಊರಿನ ಹುಡುಗರು ಹಿಡಿಯುವ ದಾರಿಯನ್ನೇ ಹಿಡಿದು ಬಟ್ಟೆಯ ರಫ್ತು ವ್ಯಾಪಾರಕ್ಕೆ ಸೇರಿದನು. ಅಲ್ಲಿಯೇ ಎರಡು ದಶಕಗಳಿಗೂ ಮೀರಿ ಕಳೆದವು. ಬಟ್ಟೆಯನ್ನು ಬೆರಳ ನಡುವೆ ಹಿಡಿದು ಅದರ ಮೈ ಎಂಥದು, ನೂಲು ಎಂಥದು ಎಂದು ಹೇಳಬಲ್ಲವನಾದನು. ಈ ಬೆರಳಿನ ವಿದ್ಯೆ ಮುಂದೆ ಆತನಿಗೆ ಬೇರೆಯೇ ಒಂದು ಕಡೆ ಒದಗಿಬಂತೆಂದು ನಾನು ನಂಬುತ್ತೇನೆ.

ಇನ್ನೊಂದು ಆಸ್ತಿಯೆಂದರೆ ಕಿವಿ. ಪಿಯಾನೋ ಎಂದರೆ ಆತನಿಗೆ ಪ್ರಾಣ. ಯಾಂತ್ರಿಕವಾಗಿ ಹೊಮ್ಮುವ ಧ್ವನಿಯನ್ನು ಪರೀಕ್ಷಿಸುವುದಕ್ಕೆ ಪಿಯಾನೋಗಿಂತ ನಿರ್ದಯವಾದ ವಾದ್ಯ ಇನ್ನೊಂದಿಲ್ಲ. ಸುತ್ತಿಗೆ ತಂತಿಗೆ ಬಡಿದ ಕ್ಷಣದ ಪೆಟ್ಟು, ಅನಂತರ ಮೆಲ್ಲನೆ ಕರಗುವ ನಾದ, ಮಂದ್ರದ ಗಾಂಭೀರ್ಯ, ತಾರದ ಮಿಂಚು, ಇವಿಷ್ಟೂ ಒಂದೇ ವಾದ್ಯದಲ್ಲಿವೆ. ಧ್ವನಿವರ್ಧಕದಲ್ಲಿ ಎಲ್ಲಿಯಾದರೂ ಒಂದಿಷ್ಟು ಊನವಿದ್ದರೆ ಪಿಯಾನೋ ಅದನ್ನು ಎತ್ತಿ ತೋರಿಸುತ್ತದೆ. ಕಛೇರಿಯಲ್ಲಿ ಕೇಳಿಬಂದ ಪಿಯಾನೋವನ್ನು ಕಿವಿಯಲ್ಲಿಟ್ಟುಕೊಂಡು ಮನೆಗೆ ಬಂದು ರೇಡಿಯೋದ ಗುಂಡಿ ತಿರುಗಿಸಿದವನಿಗೆ 1920ರ ದಶಕದಲ್ಲಿ ದೊರೆಯುತ್ತಿದ್ದುದು ತಗಡಿನ ಡಬ್ಬದಲ್ಲಿ ಗುಂಡುಕಲ್ಲು ಅಲುಗಾಡಿಸಿದಂಥ ಸದ್ದು. ಈ ಅಸಮಾಧಾನವೇ ಬ್ರಿಗ್ಸನ ಎರಡನೆಯ ಜನ್ಮಕ್ಕೆ ಬೀಜವಾಯಿತು.

ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು ಚಲಿಸುವ ಸುರುಳಿಯ ಧ್ವನಿವರ್ಧಕವನ್ನು 1925ರಲ್ಲಿ ಲೋಕಕ್ಕೆ ತೋರಿಸಿದ್ದರು. ಅಯಸ್ಕಾಂತದ ಸೀಳಿನಲ್ಲಿ ತಂತಿಯ ಪುಟ್ಟ ಸುರುಳಿ, ಅದಕ್ಕೆ ಅಂಟಿಸಿದ ಕಾಗದದ ಶಂಕು, ತತ್ತ್ವ ಇಷ್ಟೇ. ಇಂದಿಗೂ ಬಹುಮಟ್ಟಿಗೆ ಅದೇ ನಡೆದುಕೊಂಡು ಬಂದಿದೆ. ಬ್ರಿಗ್ಸ್ ಅದನ್ನು ಕೈಗೆತ್ತಿಕೊಂಡು ಆಟವಾಡುತ್ತಿದ್ದ ಕಾಲಕ್ಕೆ ಸರಿಯಾಗಿ ಜಗತ್ತಿನ ಆರ್ಥಿಕ ಮುಗ್ಗಟ್ಟು ಯಾರ್ಕ್‌ಷೈರಿನ ಬಟ್ಟೆಯ ವ್ಯಾಪಾರದ ಬೆನ್ನುಮೂಳೆಯನ್ನೇ ಮುರಿಯಿತು. ನಲವತ್ತೊಂದನೆಯ ವಯಸ್ಸು ಹೊಸ ಕಸುಬನ್ನು ಕಲಿಯುವ ವಯಸ್ಸಲ್ಲ. ಸಂಸಾರವಂದಿಗನು ಧೈರ್ಯ ಮಾಡುವ ಕಾಲವೂ ಅದಲ್ಲ. ಆದರೂ ಆತ ವಾರ್ಫ್‌ಡೇಲ್ ವೈರ್‌ಲೆಸ್ ವರ್ಕ್ಸ್ ಎಂಬ ದೊಡ್ಡ ಹೆಸರಿನ ಒಂದು ಸಣ್ಣ ಕಾರ್ಖಾನೆಯನ್ನು ತೆರೆದನು. ಹೆಸರಿಗೆ ಹೊಳೆಯ ಕಣಿವೆ, ಕೆಲಸಕ್ಕೆ ಬ್ರಾಡ್‌ಫರ್ಡ್. 1933ರಲ್ಲಿ ಆ ನಗರದ ರೇಡಿಯೋ ಹವ್ಯಾಸಿಗಳ ಸಂಘ ನಡೆಸಿದ ಸ್ಪರ್ಧೆಯಲ್ಲಿ ಆತನ ಧ್ವನಿವರ್ಧಕಗಳು ಮೊದಲ ಎರಡು ಸ್ಥಾನಗಳನ್ನು ಗೆದ್ದುಕೊಂಡವು. ವ್ಯಾಪಾರಕ್ಕೆ ಕಾಲು ಬಂದಿತು.

ಆತನ ಮಾಲಿನ ಹೆಸರುಗಳಲ್ಲಿಯೇ ಆತನ ಯೋಚನೆಯ ಚರಿತ್ರೆಯಿದೆ. ಶಂಕುವಿನ ಅಂಚನ್ನು ಚೌಕಟ್ಟಿಗೆ ಕಾಗದದ ಮಡಿಕೆಯಿಂದ ಕಟ್ಟುವುದು ಆಗಿನ ವಾಡಿಕೆ. ಆ ಬಿರುಸಾದ ಅಂಚು ತನ್ನದೇ ಒಂದು ಸ್ವರವನ್ನು ಹೊಮ್ಮಿಸಿ ನಾದವನ್ನು ಕೆಡಿಸುತ್ತದೆ. ಬ್ರಿಗ್ಸ್ ಆ ಜಾಗದಲ್ಲಿ ಮೆತ್ತನೆಯ ಬಟ್ಟೆಯ ಅಂಚನ್ನು ಹಾಕಿದನು. ತಂತಿಯ ಸುರುಳಿ ಹಗುರಾದಷ್ಟೂ ತಾರಸ್ವರ ಚುರುಕಾಗುವುದೆಂದು ತಾಮ್ರವನ್ನು ಬಿಟ್ಟು ಅಲ್ಯೂಮಿನಿಯಂ ತಂತಿಯನ್ನು ಸುತ್ತಿಸಿದನು. ಹೀಗೆ ಬಟ್ಟೆಯ ಅಂಚು, ಅಲ್ಯೂಮಿನಿಯಂ ಸುರುಳಿ ಎಂಬುದರ ಮೊದಲಕ್ಷರಗಳು ಆತನ ಪದಾರ್ಥದ ಬೆನ್ನಿನ ಮೇಲೆ ಅಚ್ಚಾದವು. ಬಟ್ಟೆಯ ಬೆಲೆ ಬಲ್ಲವನೇ ಈ ಕೆಲಸಕ್ಕೆ ಕೈಹಾಕಿದ್ದು ಕಾಕತಾಳೀಯವೇ ಇರಬಹುದು. ಆದರೆ ಅದು ಕಾಕತಾಳೀಯವೆಂದು ಒಪ್ಪಲು ನನಗೆ ಮನಸ್ಸಿಲ್ಲ.

ಯುದ್ಧ ಬಂದಿತು, ಹೋಯಿತು. 1945ರಲ್ಲಿ ಬ್ರಿಗ್ಸ್ ಒಂದು ದೊಡ್ಡ ಹೆಜ್ಜೆಯನ್ನಿಟ್ಟನು. ಮಂದ್ರಕ್ಕೆ ಒಂದು, ತಾರಕ್ಕೆ ಒಂದು, ಹೀಗೆ ಎರಡು ಧ್ವನಿವರ್ಧಕಗಳನ್ನು ಮನೆಯ ಬಳಕೆಗೆಂದು ಜೋಡಿಸಿ, ನಾದವನ್ನು ಇಬ್ಬರಿಗೂ ಪಾಲು ಮಾಡಿ ಕೊಡುವ ಏರ್ಪಾಡನ್ನು ಮಾಡಿದನು. ಸಿನಿಮಾ ಮಂದಿರಗಳಲ್ಲಿ ಇಂಥದು ಮೊದಲೇ ಇತ್ತು. ಗೃಹಸ್ಥನ ನಡುಮನೆಗೆ ಅದು ಹೊಸದು. ಈ ಪಾಲುಗಾರನ ಹೆಸರೇ ಕ್ರಾಸ್‌ಓವರ್. ಇದರ ಮರ್ಮವನ್ನು ಇಲ್ಲಿ ಸ್ವಲ್ಪ ವಿಸ್ತರಿಸಬೇಕು. ಏಕೆಂದರೆ ಹಳೆಯ ಪೆಟ್ಟಿಗೆಗಳ ಭಾಗ್ಯವೂ ದೌರ್ಭಾಗ್ಯವೂ ಇದರಲ್ಲಿಯೇ ಅಡಗಿದೆ.

ಮಂದ್ರಸ್ವರವನ್ನು ಹೊರಡಿಸಬೇಕಾದರೆ ದೊಡ್ಡ ಶಂಕು ನಿಧಾನವಾಗಿ, ಆದರೆ ಬಹುದೂರ, ಹಿಂದೆ ಮುಂದೆ ಚಲಿಸಬೇಕು. ತಾರಸ್ವರಕ್ಕಾದರೋ ಹಗುರವಾದ ಸಣ್ಣ ಶಂಕು ಸೆಕೆಂಡಿಗೆ ಸಾವಿರಾರು ಬಾರಿ ಕಂಪಿಸಬೇಕು. ಆನೆಗೂ ಗುಬ್ಬಚ್ಚಿಗೂ ಒಂದೇ ನೊಗ ಹೂಡಿದರೆ ಇಬ್ಬರಿಗೂ ಕಷ್ಟ. ಪ್ರಕೃತಿಯ ಕೃಪೆಯಿಂದ ವಿದ್ಯುತ್ತಿನಲ್ಲಿ ಇದಕ್ಕೆ ಎರಡು ಸರಳ ದ್ವಾರಪಾಲಕರಿದ್ದಾರೆ. ತಂತಿಯ ಸುರುಳಿ ಮಂದ್ರವನ್ನು ಬಿಟ್ಟು ತಾರವನ್ನು ತಡೆಯುತ್ತದೆ. ಕಂಡೆನ್ಸರು ತಾರವನ್ನು ಬಿಟ್ಟು ಮಂದ್ರವನ್ನು ತಡೆಯುತ್ತದೆ. ಆಗಿನ ಬ್ರಿಟಿಷ್ ಧ್ವನಿವರ್ಧಕಗಳ ವಾಡಿಕೆಯ ತಡೆ 15 ಓಮ್. ಸೆಕೆಂಡಿಗೆ 1,000 ಕಂಪನಗಳ ಎಡೆಯಲ್ಲಿ ನಾದವನ್ನು ಸೀಳಬೇಕಾದರೆ, ಅತಿ ಸರಳವಾದ ಜಾಲದಲ್ಲಿ ಸುಮಾರು 2.4 ಮಿಲಿಹೆನ್ರಿಯ ಒಂದು ಸುರುಳಿ, ಸುಮಾರು 10.6 ಮೈಕ್ರೋಫ್ಯಾರಡಿನ ಒಂದು ಕಂಡೆನ್ಸರು ಸಾಕು. ಬೀಜಗಣಿತ ಬಲ್ಲ ಶಾಲಾ ಹುಡುಗನೂ ಇದನ್ನು ಗುಣಿಸಿ ತೆಗೆಯಬಹುದು.

ಬ್ರಿಗ್ಸ್ ಮಾಡಿದ ನಿಜವಾದ ಉಪಕಾರ ಇಲ್ಲಿದೆ. 1948ರಲ್ಲಿ ಆತ ಲೌಡ್‌ಸ್ಪೀಕರುಗಳನ್ನು ಕುರಿತು ಒಂದು ಪುಟ್ಟ ಪುಸ್ತಕವನ್ನು ಬರೆದು ತಾನೇ ಪ್ರಕಟಿಸಿದನು. ವ್ಯಾಪಾರಿಗಳು ಗುಟ್ಟನ್ನು ಬಚ್ಚಿಡುವುದು ಲೋಕರೂಢಿ. ಈತನೋ ಪೆಟ್ಟಿಗೆಯ ಅಳತೆ, ಕಂಡೆನ್ಸರಿನ ಮೌಲ್ಯ, ಸುರುಳಿಯ ಲೆಕ್ಕ ಎಲ್ಲವನ್ನೂ ಓದುಗನ ಮುಂದೆ ಹರವಿಬಿಟ್ಟನು. ತನ್ನ ಅಂಗಡಿಯ ಮಾಲನ್ನು ಕೊಳ್ಳದೆಯೇ ಒಬ್ಬನು ಕೆಲಸ ಪೂರೈಸಿಕೊಳ್ಳಬಹುದಾದಷ್ಟು ಉದಾರವಾಗಿ ಬರೆದನು. ಸ್ವಾರಸ್ಯವೇನೆಂದರೆ, ಇದರಿಂದ ಆತನ ಮಾರಾಟ ಕುಗ್ಗಲಿಲ್ಲ, ಬೆಳೆಯಿತು. ಧಾಟಿಯೂ ಹೊಸದು; ಗಣಿತಕ್ಕೆ ಹೆದರುವವನ ಹೆಗಲ ಮೇಲೆ ಕೈಯಿಟ್ಟು, ನಡುನಡುವೆ ನಗಿಸುತ್ತ, ತನ್ನ ತಪ್ಪುಗಳನ್ನೇ ಉದಾಹರಣೆಯಾಗಿ ಕೊಡುತ್ತ ನಡೆಸಿಕೊಂಡು ಹೋಗುವ ಬರವಣಿಗೆ. ಧ್ವನಿಯ ಪುನರುತ್ಪಾದನೆ, ಪಿಯಾನೋ, ಆಂಪ್ಲಿಫೈಯರ್, ಸ್ಟೀರಿಯೋ, ಪೆಟ್ಟಿಗೆಗಳ ರಚನೆ, ಹೀಗೆ ಒಂದರ ಮೇಲೊಂದು ಪುಸ್ತಕ ಬಂದವು. 1961ರಲ್ಲಿ ತನ್ನ ಕ್ಷೇತ್ರದ ಅನೇಕರ ಜೀವನವೃತ್ತಗಳನ್ನು ಒಂದೆಡೆ ಕೂಡಿಸಿ ಹೊರತಂದನು. ಪ್ರತಿಸ್ಪರ್ಧಿಗಳ ಬದುಕನ್ನು ಅಚ್ಚು ಹಾಕಿಸುವ ವ್ಯಾಪಾರಿ ಅಪೂರ್ವವೇ ಸರಿ.

ಪೆಟ್ಟಿಗೆಯ ವಿಷಯದಲ್ಲಿ ಆತನಿಗೆ ಒಂದು ಹಟ. ಶಂಕು ಕಂಪಿಸಬೇಕು, ಪೆಟ್ಟಿಗೆ ಕಂಪಿಸಕೂಡದು. ಹಲಗೆ ತಾನೂ ಕೂಡಿ ಹಾಡತೊಡಗಿದರೆ ಆ ನಾದ ವಾದ್ಯದ್ದಲ್ಲ, ಬಡಗಿಯದು. ಅದಕ್ಕಾಗಿ ಕೋಣೆಯ ಮೂಲೆಯಲ್ಲಿ ಇಟ್ಟಿಗೆಯಿಂದಲೇ ಪೆಟ್ಟಿಗೆ ಕಟ್ಟಿಸಿ ನೋಡಿದನು. ಬಾಡಿಗೆ ಮನೆಯವರಿಗೆ ಇದು ಆಗದ ಮಾತು. ಕೊನೆಗೆ ಪ್ಲೈವುಡ್ಡಿನ ಎರಡು ತೆಳು ಹಲಗೆಗಳ ನಡುವೆ ಒಣಮರಳನ್ನು ತುಂಬುವ ಉಪಾಯ ಆತನಿಗೆ ಹಿಡಿಸಿತು. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನವನ್ನು ಅಲ್ಲಿಯೇ ನುಂಗಿಬಿಡುತ್ತವೆ. ಖರ್ಚು ಅಲ್ಪ, ಫಲ ಬಹಳ; ಹೊರುವವನ ನಡುವಿನ ಗತಿ ಮಾತ್ರ ದೇವರಿಗೇ ಪ್ರೀತಿ.

ಆತನ ಕೀರ್ತಿ ಶಿಖರಕ್ಕೇರಿದ್ದು 1954ರ ನವೆಂಬರ್ 1ರಂದು, ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲಿನಲ್ಲಿ. ಮೂರು ಸಾವಿರದಷ್ಟು ಜನ ಹಿಡಿಸುವ ಸಭಾಂಗಣ. ಒಬ್ಬ ಲೌಡ್‌ಸ್ಪೀಕರ್ ವ್ಯಾಪಾರಿ ಟಿಕೆಟ್ಟಿಟ್ಟು ಜನರನ್ನು ಕರೆದು, ವೇದಿಕೆಯ ಮೇಲೆ ಜೀವಂತ ವಾದಕರನ್ನು ನುಡಿಸಲು ಕೂರಿಸಿ, ಅದೇ ವಾದ್ಯದ ಮುದ್ರಿತ ನಾದವನ್ನು ತನ್ನ ಪೆಟ್ಟಿಗೆಗಳಿಂದ ಕೇಳಿಸಿ, ಎರಡನ್ನೂ ಹೋಲಿಸಿ ನೋಡಿರೆಂದು ಸವಾಲು ಹಾಕುವುದೆಂದರೆ ಎಂಥ ಎದೆಗಾರಿಕೆ! ತುಸು ತಪ್ಪಿದರೂ ಇಪ್ಪತ್ತೆರಡು ವರ್ಷಗಳ ದುಡಿಮೆ ಒಂದು ಸಂಜೆಯಲ್ಲಿ ನಗೆಪಾಟಲಾಗುತ್ತಿತ್ತು. ಕ್ವಾಡ್ ಆಂಪ್ಲಿಫೈಯರುಗಳ ನಿರ್ಮಾಪಕನಾದ ಪೀಟರ್ ವಾಕರ್ ಜೊತೆಗಿದ್ದನು. ಆ ಕಾಲದ ಆತನ ಆಂಪ್ಲಿಫೈಯರಿನ ಶಕ್ತಿ ಒಂದೊಂದಕ್ಕೆ 15 ವಾಟು ಮಾತ್ರ. ಇಂದು ಮದುವೆ ಮಂಟಪದಲ್ಲಿ ಹಚ್ಚುವ ಧ್ವನಿವರ್ಧಕದವರು ಅದನ್ನು ಕೇಳಿದರೆ ನಕ್ಕಾರು. ಸಭಾಂಗಣ ತುಂಬಿತ್ತು, ಪ್ರಯೋಗ ಗೆದ್ದಿತು. ಮರುವರ್ಷ ಅಕ್ಟೋಬರಿನಲ್ಲಿ ಆತ ಅಟ್ಲಾಂಟಿಕ್ ದಾಟಿ ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿಯೂ ಇದೇ ಪ್ರದರ್ಶನವನ್ನು ನಡೆಸಿದನು.

ಆದರೆ ಕಾಲ ಆಗಲೇ ಮಗ್ಗುಲು ಬದಲಾಯಿಸುತ್ತಿತ್ತು. ಅಮೆರಿಕದಲ್ಲಿ ಎಡ್ಗರ್ ವಿಲ್ಚರ್ ಎಂಬಾತನು 1954ರಲ್ಲಿಯೇ ಗಾಳಿಯಾಡದಂತೆ ಮುಚ್ಚಿದ ಸಣ್ಣ ಪೆಟ್ಟಿಗೆಯಿಂದ ಆಳವಾದ ಮಂದ್ರವನ್ನು ಹೊರಡಿಸಿ ತೋರಿಸಿದ್ದನು. 1958ರ ವೇಳೆಗೆ ಸ್ಟೀರಿಯೋ ಮುದ್ರಿಕೆಗಳು ಪೇಟೆಗೆ ಬಂದವು. ಒಂದು ಮೂಲೆಯಲ್ಲಿ ಒಂದು ಬೀರುವಿನಷ್ಟು ದೊಡ್ಡ ಪೆಟ್ಟಿಗೆಯನ್ನು ಸಹಿಸಿಕೊಂಡಿದ್ದ ಗೃಹಿಣಿಯರು ಎರಡು ಮೂಲೆಗಳಲ್ಲಿ ಎರಡನ್ನು ಸಹಿಸಲು ಒಪ್ಪಲಿಲ್ಲ. ಅದೇ ವರ್ಷ ಬ್ರಿಗ್ಸ್ ತನ್ನ ಸಂಸ್ಥೆಯನ್ನು ರ‍್ಯಾಂಕ್ ಸಂಸ್ಥೆಗೆ ಮಾರಿದನು. ಕೆಲಸದಲ್ಲಿ ಕೆಲವು ಕಾಲ ಮುಂದುವರಿದನು. 1955ರಲ್ಲಿ ಆತನ ಬಳಿಗೆ ಬಂದು ತಾಂತ್ರಿಕ ಹೊಣೆ ಹೊತ್ತಿದ್ದ, ಆತನ ಪುಸ್ತಕಗಳನ್ನು ತಿದ್ದಿಕೊಟ್ಟಿದ್ದ ರೇಮಂಡ್ ಕುಕ್ 1961ರಲ್ಲಿ ಹೊರಟುಹೋಗಿ ಕೆಂಟ್ ಪ್ರಾಂತದಲ್ಲಿ ಕೆಇಎಫ್ ಎಂಬ ತನ್ನದೇ ಸಂಸ್ಥೆಯನ್ನು ಕಟ್ಟಿದನು. ಕಾಗದದ ಶಂಕುವಿನ ಯುಗ ಹೋಗಿ ಪ್ಲಾಸ್ಟಿಕ್ಕಿನ ಯುಗ ಬರುತ್ತಿತ್ತು; ಕಿವಿಯ ಪಕ್ಕದಲ್ಲಿ ಮಾಪನಯಂತ್ರವೂ ಬಂದು ಕುಳಿತಿತು.

ಬ್ರಿಗ್ಸನ ಪುಸ್ತಕವನ್ನು ಎದುರಿಗಿಟ್ಟುಕೊಂಡು ಕೈಯಾರೆ ಕಟ್ಟಿದ ಪೆಟ್ಟಿಗೆಗಳು ಮಾತ್ರ ಉಳಿದುಕೊಂಡವು. ತಂದೆ ಕಟ್ಟಿದ್ದು ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂದಿರುವುದುಂಟು. ಇಂಥ ಪೆಟ್ಟಿಗೆಯಿಂದ ಹೊರಡುವ ನಾದ ಮಂಕಾಗಿದ್ದರೆ ವಾರಸುದಾರನು ಏನು ಮಾಡಬೇಕು? ಒಳಗಿನ ಹಳೆಯ ಕಂಡೆನ್ಸರು ಸುರುಳಿಗಳನ್ನೆಲ್ಲ ಕಿತ್ತೆಸೆದು ಹೊಸವನ್ನು ಹಾಕಬೇಕೆನ್ನುವವರು ಒಂದು ಪಂಥ. ಕಟ್ಟಿದವನ ಕಿವಿಯೇ ಪ್ರಮಾಣ, ಒಂದು ಮೊಳೆಯನ್ನೂ ಮುಟ್ಟಕೂಡದೆನ್ನುವವರು ಇನ್ನೊಂದು ಪಂಥ. ಎರಡೂ ಆತುರದ ಮಾತು.

ಸುರುಳಿ ತಾಮ್ರದ ತಂತಿ. ಅದಕ್ಕೆ ಮುಪ್ಪಿಲ್ಲವೆಂದೇ ಹೇಳಬಹುದು. ಮುಪ್ಪು ಬರುವುದು ಕಂಡೆನ್ಸರಿಗೆ. ಎಣ್ಣೆಕಾಗದದ ದೊಡ್ಡ ಡಬ್ಬಿಗಳು ತೇವವನ್ನು ಹೀರದಿದ್ದರೆ ಬಹುಕಾಲ ಬಾಳುತ್ತವೆ. ಅಗ್ಗವೆಂದೂ ಚಿಕ್ಕದೆಂದೂ ಅನಂತರ ರೂಢಿಗೆ ಬಂದ ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳ ಒಳಗಿನ ದ್ರವ ಮಾತ್ರ ವರ್ಷವರ್ಷಕ್ಕೂ ಆರುತ್ತದೆ. ಅದರ ಮೌಲ್ಯ ಜಾರುತ್ತದೆ, ಒಳತಡೆ ಏರುತ್ತದೆ, ತಾರಸ್ವರ ಸದ್ದಿಲ್ಲದೆ ಸೊರಗುತ್ತದೆ. ದಿನಕ್ಕೆ ಕೂದಲೆಳೆಯಷ್ಟು ಸೊರಗುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಇದನ್ನು ಮೀಟರಿನಿಂದ ಅಳೆದು, ಕೆಟ್ಟಿದ್ದರೆ ಬದಲಾಯಿಸುವುದರಲ್ಲಿ ಯಾವ ಅಪಚಾರವೂ ಇಲ್ಲ. ಎರಡು ಪೆಟ್ಟಿಗೆಗಳಿದ್ದರೆ ಎರಡರಲ್ಲಿಯೂ ಬದಲಾಯಿಸಬೇಕು. ಇಲ್ಲವಾದರೆ ಎಡಗಿವಿಗೊಂದು ಕಥೆ, ಬಲಗಿವಿಗೊಂದು ಕಥೆ. ಇದಕ್ಕೂ ಮೊದಲು ನೋಡಬೇಕಾದದ್ದು ಇನ್ನೊಂದಿದೆ. ಕೆಲವು ಪೆಟ್ಟಿಗೆಗಳ ಹಿಂಬದಿಯಲ್ಲಿ ತಾರವನ್ನು ಏರಿಸಿ ಇಳಿಸುವ ಗುಂಡಿಗಳಿರುತ್ತವೆ. ಅವುಗಳ ತಂತಿಗೆ ಕಿಲುಬು ಹತ್ತಿದ್ದರೆ ಕಂಡೆನ್ಸರನ್ನು ಎಷ್ಟು ಬದಲಾಯಿಸಿದರೂ ವ್ಯರ್ಥ.

ಹೊಸದಾಗಿ ಹಾಕುವ ಪಾಲಿಪ್ರೊಪಿಲೀನ್ ಕಂಡೆನ್ಸರು ಆರುವುದಿಲ್ಲ, ನಷ್ಟ ಮಾಡುವುದಿಲ್ಲ. ಆದರೆ ಅದರ ಗುಣವೇ ಕೆಲವು ವೇಳೆ ದೋಷವಾಗುತ್ತದೆ. ಹಳೆಯ ಎಲೆಕ್ಟ್ರೋಲಿಟಿಕ್ಕಿನಲ್ಲಿ ಹೊಸದಾಗಿದ್ದಾಗಲೇ ಒಂದಿಷ್ಟು ಒಳತಡೆಯಿತ್ತು. ಕಟ್ಟಿದವನು ಅದನ್ನೂ ಸೇರಿಸಿಯೇ ಕಿವಿಯಿಂದ ತೂಗಿ ನಿಲ್ಲಿಸಿದ್ದನು. ಆ ತಡೆ ಮಾಯವಾದರೆ ತಾರ ಕೀರಲಾಗುತ್ತದೆ. ಪಿಟೀಲು ಕಿವಿಗೆ ಚುಚ್ಚುತ್ತದೆ. ಒಂದು ಓಮಿಗಿಂತ ಕಡಿಮೆಯ ಸಣ್ಣ ತಡೆಯೊಂದನ್ನು ಜೊತೆಗೆ ಕೂಡಿಸಿದರೆ ಕಳೆದ ಸಮತೂಕ ಎಷ್ಟೋ ಮಟ್ಟಿಗೆ ಮರಳಿ ಬರುತ್ತದೆ. ದಪ್ಪ ತಂತಿಯ ಹೊಸ ಸುರುಳಿಯ ವಿಷಯವೂ ಹೀಗೆಯೇ. ತಡೆ ಕಡಿಮೆಯಾದಷ್ಟೂ ಮಂದ್ರಕ್ಕೆ ಹೋಗುವ ಪಾಲು ಹೆಚ್ಚುತ್ತದೆ. ಒಳ್ಳೆಯದಾದರೂ ಆದೀತು, ಆಗದಿದ್ದರೂ ಇಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಮಾದ ನಡೆಯುವುದು ಹಳೆಯ 15 ಓಮಿನ ಶಂಕುಗಳು ಹರಿದುಹೋದುವೆಂದು ಇಂದಿನ 8 ಓಮಿನವನ್ನು ಅದೇ ಜಾಲಕ್ಕೆ ಹೂಡಿದಾಗ. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಆ 10.6 ಮೈಕ್ರೋಫ್ಯಾರಡು ಈಗ 1,000ಕ್ಕೆ ಬದಲು ಸುಮಾರು 1,880 ಹರ್ಟ್ಸಿನಲ್ಲಿ ಬಾಗಿಲು ತೆರೆಯುತ್ತದೆ. ಆ 2.4 ಮಿಲಿಹೆನ್ರಿ ಸುಮಾರು 530 ಹರ್ಟ್ಸಿನಲ್ಲಿಯೇ ಬಾಗಿಲು ಮುಚ್ಚಲು ತೊಡಗುತ್ತದೆ. ನಡುವಿನ ಜಾಗ ಅನಾಥ. ಮನುಷ್ಯನ ಕಂಠದ, ಪಿಯಾನೋದ ನಡುಮನೆಯ ಸ್ವರಗಳೆಲ್ಲ ವಾಸಿಸುವ ಜಾಗವದು! ಕೊಂಡ ವಸ್ತು ಎಷ್ಟೇ ದುಬಾರಿಯಾಗಿರಲಿ, ಆ ತಗ್ಗು ತುಂಬುವುದಿಲ್ಲ. ಜಾಲವನ್ನೇ ಹೊಸದಾಗಿ ಗುಣಿಸಬೇಕು. ಬ್ರಿಗ್ಸ್ ಇದಕ್ಕೆ ಬೇಸರಪಡುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ತನ್ನ ಯಾವ ಜಾಲವನ್ನೂ ಆತ ವೇದವಾಕ್ಯವೆಂದು ಭಾವಿಸಿದವನಲ್ಲ. ಒಂದು ಪುಸ್ತಕದಲ್ಲಿ ಹೇಳಿದ್ದನ್ನು ಮುಂದಿನದರಲ್ಲಿ ತಿದ್ದಿಕೊಳ್ಳಲು ಆತನಿಗೆ ಸಂಕೋಚವಿರಲಿಲ್ಲ.

ಎಪ್ಪತ್ತು ದಾಟಿದ ಮೇಲೆ, 1960ರ ದಶಕದ ನಡುವೆ, ಬ್ರಿಗ್ಸ್ ಕೆಲಸದಿಂದ ನಿವೃತ್ತನಾದನು. 1967ರಲ್ಲಿ ಬಂದ ಆತನ ಪುಸ್ತಕದ ವಿಷಯ ಧ್ವನಿವರ್ಧಕವಲ್ಲ, ಕಿವಿ. ವಯಸ್ಸಾದಂತೆ ಮನುಷ್ಯನ ಕಿವಿಯಲ್ಲಿಯೂ ಮೊದಲು ನಂದುವುದು ತಾರಸ್ವರವೇ. ಕಂಡೆನ್ಸರು ಆರುವಂತೆಯೇ ಇದೂ ಕೂದಲೆಳೆ ಕೂದಲೆಳೆಯಾಗಿ ನಡೆಯುವುದು; ಕಳೆದುಕೊಂಡವನಿಗೆ ತಿಳಿಯದು. ಜೀವಮಾನವೆಲ್ಲ ಕಿವಿಯನ್ನೇ ತಕ್ಕಡಿ ಮಾಡಿಕೊಂಡು ಬಾಳಿದವನು, ಆ ತಕ್ಕಡಿಯನ್ನೇ ಪರೀಕ್ಷೆಗೆ ಒಡ್ಡಿ ಬರೆಯುವಾಗ ಮನಸ್ಸಿನಲ್ಲಿ ಏನಿತ್ತೋ. ನಲವತ್ತು ವರ್ಷಗಳ ಹಿಂದೆ ತಾನೇ ಕಟ್ಟಿದ ಪೆಟ್ಟಿಗೆಯನ್ನು ತೆರೆದು, ನಾದ ಮಂಕಾಗಿದೆಯೆಂದು ಹೇಳುವ ಮುದುಕನೂ ಇದೇ ಸಂದೇಹಕ್ಕೆ ಗುರಿಯಾಗುತ್ತಾನೆ. ಮಂಕಾದದ್ದು ಕಂಡೆನ್ಸರೋ, ತಾನೋ? ಅಂಥವನು ಮೀಟರನ್ನು ಹಿಡಿಯಬೇಕು. ಜೊತೆಗೆ ಮೊಮ್ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಅವಳಿಗೆ ಏನು ಕೇಳುತ್ತದೆಯೆಂದು ಕೇಳಬೇಕು.

ಬ್ರಿಗ್ಸ್ 1978ರ ಜನವರಿಯಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ತೀರಿಕೊಂಡನು. ವಾರ್ಫ್‌ಡೇಲ್ ಎಂಬ ಹೆಸರು ಕೈಯಿಂದ ಕೈಗೆ ದಾಟಿ ಇಂದಿಗೂ ಪೇಟೆಯಲ್ಲಿದೆ. ಆತನ ಕಾಲದ ಮರಳು ತುಂಬಿದ ಹಲಗೆಗಳನ್ನು ಇಂದು ಯಾರಾದರೂ ಬಿಚ್ಚಲು ಹೋದರೆ ಮೊದಲು ನೆಲದ ಮೇಲೆ ಹಳೆಯ ಧೋತ್ರವನ್ನೋ ಚಾಪೆಯನ್ನೋ ಹಾಸಿಕೊಳ್ಳುವುದು ಮೇಲು. ಮೊಳೆ ಸಡಿಲವಾದ ಕೂಡಲೇ ಒಣಮರಳು ಸರಸರನೆ ಸುರಿಯತೊಡಗುತ್ತದೆ. ಒಂದು ಸಲ ಹೊರಬಂದದ್ದನ್ನು ಮತ್ತೆ ಅಷ್ಟೇ ಬಿಗಿಯಾಗಿ ತುಂಬಲು ಅರ್ಧ ದಿನವಾದರೂ ಬೇಕು.